ರಾತ್ರಿ ವಿಮಾನದ ಲೆಕ್ಕ ಸೊರಬದಿಂದ ಶುರುವಾಗಲಿ

ಶಿಕಾರಿಪುರ, ಶಿರಾಳಕೊಪ್ಪ, ಸೊರಬದ ಕಡೆ ಈಗ ವಿಮಾನ ಹತ್ತುವುದು ದೊಡ್ಡ ಸುದ್ದಿಯಲ್ಲ. ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೊರಡುವ ತಾಯಂದಿರಿದ್ದಾರೆ, ಕೊಲ್ಲಿ ದೇಶಗಳಲ್ಲಿ ದುಡಿಯುವ ಗಂಡಸರಿದ್ದಾರೆ, ಜರ್ಮನಿಗೆ ಓದಲು ಹೋದ ಹುಡುಗರಿದ್ದಾರೆ. ಇವರ ಟಿಕೆಟ್ ಮಾಡಿಸುವ ಹೊತ್ತಿಗೆ ಎಲ್ಲ ಕಡೆಯಿಂದಲೂ ಒಂದೇ ಉಪದೇಶ: ರಾತ್ರಿ ವಿಮಾನವೇ ಲೇಸು. ಹಗಲು ಉಳಿಯುತ್ತದೆ, ದುಡ್ಡು ಉಳಿಯುತ್ತದೆ, ಲಾಡ್ಜಿನ ಖರ್ಚಿಲ್ಲ, ಮಲಗಿ ಎದ್ದರೆ ಊರು ಬಂದಿರುತ್ತದೆ. ಹೀಗೆ ಹೇಳುವವರು ಟ್ರಾವೆಲ್ ಏಜೆಂಟರು, ಬೆಂಗಳೂರಿನ ನೆಂಟರು, ಪರದೇಶದಲ್ಲೇ ಕೂತು ಅಪ್ಪ ಅಮ್ಮನಿಗೆ ಟಿಕೆಟ್ ಕಳಿಸುವ ಮಕ್ಕಳು. ಇವರ ಮನಸ್ಸು ಒಳ್ಳೆಯದೇ. ವಾದ ಮಾತ್ರ ನಿಲ್ಲುವುದಿಲ್ಲ. ಅದನ್ನು ಒಂದೊಂದಾಗಿ ಎತ್ತಿಕೊಂಡು ಓದುಗರ ಮುಂದೆ ಇಡುತ್ತೇನೆ. ತೀರ್ಪು ಅವರದು.

ರಾತ್ರಿ ಹಾರಿದರೆ ಒಂದು ಹಗಲು ಉಳಿಯುತ್ತದೆ ಎಂಬುದು ಅವರ ಮುಖ್ಯ ವಾದ. ಯಲಹಂಕದಲ್ಲಿ ಮನೆಯಿರುವವರ ಮಟ್ಟಿಗೆ ಇದು ನಿಜ. ಅವರು ರಾತ್ರಿ ಊಟ ಮುಗಿಸಿ ಹನ್ನೊಂದಕ್ಕೆ ಮನೆ ಬಿಟ್ಟರೂ ಮೂರು ಗಂಟೆಯ ವಿಮಾನ ಸಿಗುತ್ತದೆ. ಶಿಕಾರಿಪುರದಿಂದ ಬೆಂಗಳೂರಿಗೆ ಸುಮಾರು 350 ಕಿಲೋಮೀಟರ್, ಸೊರಬದಿಂದ ಇನ್ನೂ ಹೆಚ್ಚು. ಅಲ್ಲಿಂದ ವಿಮಾನ ನಿಲ್ದಾಣವಿರುವ ದೇವನಹಳ್ಳಿಗೆ ಊರು ದಾಟಿ ಹೋಗಬೇಕು. ಮಂಗಳವಾರ ಬೆಳಗಿನ ಜಾವ ಮೂರಕ್ಕೆ ವಿಮಾನವಿದ್ದರೆ ಸೊರಬದವರಿಗೆ ಇರುವುದು ಎರಡು ದಾರಿ. ಸೋಮವಾರ ಬೆಳಗ್ಗೆ ಒಂಬತ್ತಕ್ಕೆ ಬಸ್ಸು ಹತ್ತಿ, ಸಂಜೆ ಬೆಂಗಳೂರಿನಲ್ಲಿ ಇಳಿದು, ಪೆಟ್ಟಿಗೆ ಎಳೆದುಕೊಂಡು ವಿಮಾನ ನಿಲ್ದಾಣ ಸೇರಿ, ನಡುರಾತ್ರಿಯವರೆಗೆ ಕಾಯುವುದು ಒಂದು. ಇಲ್ಲದಿದ್ದರೆ ಭಾನುವಾರ ರಾತ್ರಿಯೇ ಸ್ಲೀಪರ್ ಬಸ್ಸಿನಲ್ಲೋ, ಸಾಗರಕ್ಕೆ ಹೋಗಿ ತಾಳಗುಪ್ಪದಿಂದ ಬರುವ ರಾತ್ರಿ ರೈಲಿನಲ್ಲೋ ಹೊರಟು, ಸೋಮವಾರ ಇಡೀ ದಿನ ಯಾರದೋ ಮನೆಯಲ್ಲಿ ಕಳೆದು, ಮತ್ತೆ ರಾತ್ರಿ ಎದ್ದಿರುವುದು ಇನ್ನೊಂದು. ಮೊದಲ ದಾರಿಯಲ್ಲಿ ಒಂದು ಹಗಲೂ ಒಂದು ರಾತ್ರಿಯೂ ಹೋಯಿತು. ಎರಡನೆಯದರಲ್ಲಿ ಎರಡು ರಾತ್ರಿ, ನಡುವಿನ ಒಂದು ಹಗಲು ಹೋದವು. ಉಳಿಯಿತು ಎನ್ನುವ ಹಗಲು ಎಲ್ಲಿ?

ಲೆಕ್ಕವನ್ನು ಕೊನೆಯವರೆಗೂ ಹಾಕೋಣ. ಮೊದಲ ದಾರಿ ಹಿಡಿದ ತಾಯಿಯೊಬ್ಬರು ಫ್ರಾಂಕ್‌ಫರ್ಟ್ ಮೇಲಿಂದ ಶಿಕಾಗೋಗೆ ಹೋಗಬೇಕು. ಮನೆ ಬಿಟ್ಟು ವಿಮಾನ ಹೊರಡುವ ತನಕ 18 ಗಂಟೆ. ಫ್ರಾಂಕ್‌ಫರ್ಟಿಗೆ ಹತ್ತಿರ ಹತ್ತಿರ 10 ಗಂಟೆ. ಅಲ್ಲಿ ವಿಮಾನ ಬದಲಿಸಲು ಮೂರು ಗಂಟೆ ಎಂದಿಟ್ಟುಕೊಳ್ಳಿ. ಮತ್ತೆ ಒಂಬತ್ತೂವರೆ ಗಂಟೆಯ ಹಾರಾಟ. ಹಾಸಿಗೆಗೆ ಬೆನ್ನು ಕೊಡದೆ 40 ಗಂಟೆ ಮೀರಿತು. ಟಿಕೆಟ್ಟಿನ ಮೇಲೆ ಇದು ಕಾಣುವುದಿಲ್ಲ, ಅದರಲ್ಲಿ ಅಚ್ಚಾಗುವುದು ದೇವನಹಳ್ಳಿಯಿಂದ ಮುಂದಿನದು ಮಾತ್ರ. ಎದುರು ಪಕ್ಷದವರು ಓದುವುದೂ ಆ ಟಿಕೆಟ್ಟನ್ನೇ. ಸೊರಬದ ಬಸ್ ಸ್ಟ್ಯಾಂಡಿನಿಂದ ದೇವನಹಳ್ಳಿಯವರೆಗಿನ ಹೊತ್ತನ್ನು ಪ್ರಯಾಣ ಎಂದು ಎಣಿಸುವುದಿಲ್ಲ ಎಂಬುದೇ ಅವರ ಲೆಕ್ಕದ ಮೂಲದೋಷ.

ಇದಕ್ಕೆ ಅವರ ಬಳಿ ಒಂದು ಸಿದ್ಧ ಉತ್ತರವಿದೆ: ಈಗ ಶಿವಮೊಗ್ಗದಲ್ಲೇ ವಿಮಾನ ನಿಲ್ದಾಣ ಇದೆಯಲ್ಲ. ಇದೆ, ಸಂತೋಷದ ವಿಷಯ. ಸೋಗಾನೆಯ ರಾಷ್ಟ್ರಕವಿ ಕುವೆಂಪು ವಿಮಾನ ನಿಲ್ದಾಣ 2023ರ ಫೆಬ್ರವರಿ 27ರಂದು ಉದ್ಘಾಟನೆಯಾಯಿತು. ಅದರ ಹಿಂದೆ ಶಿಕಾರಿಪುರದವರೇ ಆದ ಬಿ.ಎಸ್. ಯಡಿಯೂರಪ್ಪನವರ ಹಟವಿತ್ತು ಎಂಬುದನ್ನು ಅವರ ವಿರೋಧಿಗಳೂ ಒಪ್ಪುತ್ತಾರೆ. 3,200 ಮೀಟರ್ ಉದ್ದದ ರನ್‌ವೇ. ಆ ವರ್ಷದ ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲ ಇಂಡಿಗೋ ವಿಮಾನ ಬಂದಿಳಿಯಿತು. ಆದರೆ ಆ ನಿಲ್ದಾಣ ಶುರುವಾದದ್ದು ಹಗಲಿನ ಹಾರಾಟಕ್ಕೆ. ರಾತ್ರಿ ವಿಮಾನ ಇಳಿಸುವ ವ್ಯವಸ್ಥೆ ಇಲ್ಲದೆಯೇ ಅದರ ಬಾಗಿಲು ತೆರೆಯಿತು. ಹಗಲಲ್ಲಿ ಸೋಗಾನೆಯಿಂದ ಹಾರಿ ಸುಮಾರು ಒಂದು ಗಂಟೆಯಲ್ಲಿ ದೇವನಹಳ್ಳಿಯಲ್ಲಿ ಇಳಿದವರು ನಡುರಾತ್ರಿಯ ವಿಮಾನ ಹಿಡಿಯಬೇಕೆಂದರೆ ಅಲ್ಲಿಯ ಕುರ್ಚಿಯ ಮೇಲೆ ಅರ್ಧ ದಿನ ಕೂರಬೇಕು. ಸೋಗಾನೆಯ ಪ್ರಯೋಜನ ಪೂರ್ತಿ ಸಿಗುವುದು ದೇವನಹಳ್ಳಿಯಿಂದ ಮಧ್ಯಾಹ್ನವೋ ಸಂಜೆಯೋ ಮುಂದಿನ ವಿಮಾನ ಹಿಡಿಯುವವರಿಗೆ. ಹಾಗಾದರೆ ಈ ಉತ್ತರ ಬಲ ಕೊಡುವುದು ಯಾರ ವಾದಕ್ಕೆ? ಅವರೇ ತಂದ ಸಾಕ್ಷಿ ಅವರ ವಿರುದ್ಧವೇ ನುಡಿಯುತ್ತಿದೆ.

ಇನ್ನು ನಿದ್ದೆಯ ಮಾತು. ವಿಮಾನದಲ್ಲಿ ಕಣ್ಣು ಮುಚ್ಚಿದರೆ ಬೆಳಗಾಗುತ್ತದೆ ಎನ್ನುತ್ತಾರೆ. ಬೆಂಗಳೂರಿನಿಂದ ದುಬೈಗೆ ಸುಮಾರು ನಾಲ್ಕು ಗಂಟೆ. ಮೇಲೇರುವಾಗ, ಇಳಿಯುವಾಗ ಕುರ್ಚಿ ನೆಟ್ಟಗಿರಬೇಕು, ಬೆಲ್ಟ್ ಹಾಕಿರಬೇಕು. ಮೇಲೇರಿದ ಸ್ವಲ್ಪ ಹೊತ್ತಿಗೆ ದೀಪ ಹಾಕಿ ಊಟ ತರುತ್ತಾರೆ, ಅದೂ ನಡುರಾತ್ರಿ ಮೂರೂವರೆಗೆ. ಅದೆಲ್ಲ ಮುಗಿದ ಮೇಲೆ ಉಳಿಯುವುದು ಎರಡು ಗಂಟೆ. ಮನುಷ್ಯನ ನಿದ್ದೆಯ ಒಂದು ಸುತ್ತಿಗೇ ಸುಮಾರು ಒಂದೂವರೆ ಗಂಟೆ ಬೇಕು. ಇಡೀ ರಾತ್ರಿಯ ನಿದ್ದೆ ಎಂದು ಇವರು ಮಾರುತ್ತಿರುವುದು ಒಂದು ಸುತ್ತನ್ನು, ಅದೂ ಕೂತ ಭಂಗಿಯಲ್ಲಿ. ದೂರದ ಹಾರಾಟದಲ್ಲಿ ಹೊತ್ತು ಹೆಚ್ಚು ಸಿಗುತ್ತದೆ, ನಿಜ. ಆದರೆ ಅಗ್ಗದ ದರ್ಜೆಯಲ್ಲಿ ಒಂದು ಸಾಲಿಗೂ ಮುಂದಿನ ಸಾಲಿಗೂ ನಡುವಿನ ಅಂತರ ಸಾಮಾನ್ಯವಾಗಿ 30ರಿಂದ 32 ಅಂಗುಲ. ಮೊಣಕಾಲು ನೋವಿರುವ ಅರವತ್ತೈದರ ಹೆಂಗಸು ಆ ಜಾಗದಲ್ಲಿ ಹತ್ತು ಗಂಟೆ ಮಲಗುತ್ತಾಳೆ ಎನ್ನುವವರು ಅವಳನ್ನು ಒಮ್ಮೆ ಕೇಳಿ ನೋಡಲಿ.

ಇಲ್ಲೊಂದು ವೈರುಧ್ಯವನ್ನು ಓದುಗರು ಗಮನಿಸಬೇಕು. ರಾತ್ರಿ ವಿಮಾನದಲ್ಲಿ ಚೆನ್ನಾಗಿ ನಿದ್ದೆಯಾಗುತ್ತದೆ ಎಂದ ಅದೇ ಬಾಯಿ, ಆಯಾಸವಾದರೆ ಏನಂತೆ, ಹೋದ ಕೂಡಲೇ ಒಂದು ದಿನ ಮಲಗಿದರಾಯಿತು ಎಂದೂ ಹೇಳುತ್ತದೆ. ನಿದ್ದೆ ಆಗಿದ್ದರೆ ಮರುದಿನ ಮಲಗುವುದೇಕೆ? ಮರುದಿನ ಮಲಗಲೇಬೇಕಾದರೆ ಉಳಿದ ಹಗಲು ಹಾಸಿಗೆಗೇ ಹೋಯಿತಲ್ಲ? ಎರಡು ಮಾತುಗಳಲ್ಲಿ ಒಂದನ್ನು ಅವರು ಕೈಬಿಡಲೇಬೇಕು. ಯಾವುದನ್ನು ಕೈಬಿಟ್ಟರೂ ಅವರ ಮುಖ್ಯ ವಾದ ಬೀಳುತ್ತದೆ.

ದೇಹದ ಪ್ರಶ್ನೆಯನ್ನು ಇವರು ಎತ್ತುವುದೇ ಇಲ್ಲ. ಎತ್ತಿದರೆ, ಎಲ್ಲರೂ ಹೋಗಿ ಬರುತ್ತಿಲ್ಲವೇ ಎಂದು ಜಾರಿಕೊಳ್ಳುತ್ತಾರೆ. ವಿಮಾನದೊಳಗಿನ ಗಾಳಿಯ ಒತ್ತಡ ಆರರಿಂದ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲೆ ಇರುವಷ್ಟೇ. ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ 1,930 ಮೀಟರ್, ಅಂದರೆ 6,300 ಅಡಿಗಿಂತ ಸ್ವಲ್ಪ ಹೆಚ್ಚು. ಎಷ್ಟೋ ವಿಮಾನಗಳಲ್ಲಿ ಪ್ರಯಾಣಿಕರು ಅದಕ್ಕಿಂತಲೂ ಎತ್ತರದ ಗಾಳಿಯನ್ನು ಗಂಟೆಗಟ್ಟಲೆ ಉಸಿರಾಡುತ್ತಾರೆ. ಆ ಗಾಳಿಯಲ್ಲಿ ತೇವಾಂಶ ಸಾಮಾನ್ಯವಾಗಿ ಶೇ. 20ಕ್ಕಿಂತ ಕಡಿಮೆ. ಮಲೆನಾಡಿನ ಹಸಿಗಾಳಿಗೆ ಒಗ್ಗಿದ ಗಂಟಲಿಗೆ ಇದು ಎಂಥ ಬದಲಾವಣೆ ಎಂದು ಹೇಳಬೇಕಿಲ್ಲ. ನಾಲ್ಕು ಗಂಟೆ ಅಥವಾ ಅದಕ್ಕೂ ಹೆಚ್ಚು ಹೊತ್ತು ಅಲುಗಾಡದೆ ಕೂತು ಪ್ರಯಾಣ ಮಾಡಿದರೆ ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಅಪಾಯ ಸುಮಾರು ಎರಡರಷ್ಟಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲೇ ಹೇಳಿದೆ. ಅಪಾಯ ಆಗಲೂ ಚಿಕ್ಕದೇ, ಸುಮಾರು ಆರು ಸಾವಿರ ಜನರಲ್ಲಿ ಒಬ್ಬರಿಗೆ. ಯಾರನ್ನೂ ಹೆದರಿಸಲು ಇದನ್ನು ಬರೆಯುತ್ತಿಲ್ಲ. ಆದರೆ ಅದೇ ವರದಿ ವಿಮಾನವನ್ನಷ್ಟೇ ಹೆಸರಿಸಲಿಲ್ಲ, ಬಸ್ಸು, ಕಾರು, ರೈಲುಗಳನ್ನೂ ಸೇರಿಸಿತು. ಅಂದರೆ ದೇಹ ಕೂತ ಹೊತ್ತನ್ನು ಸೊರಬದಿಂದಲೇ ಎಣಿಸುತ್ತದೆ. ವಿಮಾನದಲ್ಲಿ ರಾತ್ರಿ ದೀಪ ಆರಿಸಿದ ಮೇಲೆ ಎದ್ದು ಓಡಾಡುವುದು ಇನ್ನೂ ಕಡಿಮೆ. ಪಕ್ಕದಲ್ಲಿ ನಿದ್ದೆ ಹೋದವರನ್ನು ಎಬ್ಬಿಸುವುದಕ್ಕೆ ನಮ್ಮ ಕಡೆಯ ಹೆಂಗಸರು ಸಂಕೋಚಪಟ್ಟು ನೀರು ಕುಡಿಯುವುದನ್ನೇ ಬಿಡುತ್ತಾರೆ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಊಟದ ಹೊತ್ತೂ ಸೂಜಿಯ ಹೊತ್ತೂ ಏರುಪೇರಾಗುತ್ತವೆ. ಎಲ್ಲರೂ ಹೋಗಿ ಬರುತ್ತಾರೆ, ಹೌದು. ಹೋಗಿ ಬಂದವರು ಒಂದು ವಾರ ಹಾಸಿಗೆ ಹಿಡಿದದ್ದು ಆ ‘ಎಲ್ಲರೂ’ ಎಂಬ ಮಾತಿನಲ್ಲಿ ಸೇರುವುದಿಲ್ಲ.

ದುಡ್ಡಿನ ವಾದಕ್ಕೆ ಹೆಚ್ಚು ಹೊತ್ತು ಬೇಡ. ರಾತ್ರಿಯ ಟಿಕೆಟ್ ಅಗ್ಗ ಎನ್ನುತ್ತಾರೆ, ಎಲ್ಲರೂ ಬಯಸುವುದು ರಾತ್ರಿಯನ್ನೇ ಎಂದೂ ಎನ್ನುತ್ತಾರೆ. ಶಿರಾಳಕೊಪ್ಪದ ಸಂತೆಯಲ್ಲಿ ಎಲ್ಲರೂ ಮುಗಿಬಿದ್ದ ಸರಕು ಅಗ್ಗವಾದದ್ದನ್ನು ಯಾರಾದರೂ ಕಂಡಿದ್ದಾರೆಯೇ? ಅಗ್ಗವಾಗಿದ್ದರೆ ಬೇಡಿಕೆ ಕಡಿಮೆ ಎಂದರ್ಥ, ಬೇಡಿಕೆ ಹೆಚ್ಚಿದ್ದರೆ ಅಗ್ಗವಿರುವುದಿಲ್ಲ. ಉಳಿದ ಲಾಡ್ಜಿನ ದುಡ್ಡೂ ಕೈಯಲ್ಲಿ ನಿಲ್ಲುವುದಿಲ್ಲ. ಬೆಳಗ್ಗೆ ಆರಕ್ಕೆ ಪರಊರಿನಲ್ಲಿ ಇಳಿದವರಿಗೆ ಹೋಟೆಲಿನವರು ಕೋಣೆ ಕೊಡುವುದು ಮಧ್ಯಾಹ್ನಕ್ಕೆ. ಅಲ್ಲಿಯವರೆಗೆ ಹೊರಗೆ ಕೂರಬೇಕು, ಇಲ್ಲವೇ ಹಿಂದಿನ ರಾತ್ರಿಯ ಬಾಡಿಗೆಯನ್ನೂ ಕಟ್ಟಬೇಕು. ಬರುವಾಗ ನಡುರಾತ್ರಿ ದೇವನಹಳ್ಳಿಯಲ್ಲಿ ಇಳಿದರೆ ಊರಿನಿಂದ ಟ್ಯಾಕ್ಸಿ ತರಿಸುತ್ತಾರೆ. ಹೋಗಿ ಬರುವ 700 ಕಿಲೋಮೀಟರಿನ ಬಾಡಿಗೆ, ಡ್ರೈವರ್ ಬಾಟಾ, ಟೋಲ್ ಎಲ್ಲ ಕೂಡಿಸಿದ ಮೇಲೆ ಉಳಿತಾಯ ಎಷ್ಟು ಎಂದು ಅವರೇ ಹೇಳಲಿ.

ಆ ಟ್ಯಾಕ್ಸಿಯ ಚಾಲಕನ ಮಾತು ಇಲ್ಲಿ ಬರಲೇಬೇಕು. ಸುರಕ್ಷತೆಯ ಪ್ರಶ್ನೆ ಕೇಳಿದಾಗ ಎದುರು ಪಕ್ಷದವರು ಕೂಡಲೇ ಹೇಳುವುದು, ಪೈಲಟ್‌ಗಳಿಗೆ ತರಬೇತಿ ಇದೆ, ವಿಮಾನ ರಸ್ತೆಗಿಂತ ಸುರಕ್ಷಿತ ಎಂದು. ಎರಡೂ ನಿಜ. ರಾತ್ರಿ ಹಾರುವ ವಿಮಾನ ಬೀಳುತ್ತದೆ ಎಂದು ನಾನು ಹೇಳುತ್ತಿಲ್ಲ. ಆದರೆ ರಾತ್ರಿಯ ಆ ಹೊತ್ತು ಮನುಷ್ಯನಿಗೆ ಏನು ಮಾಡುತ್ತದೆ ಎಂಬುದಕ್ಕೆ ನಮ್ಮ ರಾಜ್ಯದ್ದೇ ದಾಖಲೆ ಇದೆ. 2010ರ ಮೇ 22ರಂದು ದುಬೈಯಿಂದ ನಡುರಾತ್ರಿ ಕಳೆದ ಮೇಲೆ ಹೊರಟ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬೆಳಗ್ಗೆ ಆರು ಗಂಟೆ ದಾಟಿದ ಹೊತ್ತಿಗೆ ಮಂಗಳೂರಿನ ಬಜ್ಪೆಯಲ್ಲಿ ರನ್‌ವೇ ಮೀರಿ ಕಣಿವೆಗೆ ಬಿತ್ತು. 158 ಜನ ಸತ್ತರು, ಎಂಟು ಜನ ಉಳಿದರು. ತಪ್ಪು ಎತ್ತರದಲ್ಲಿ ಬರುತ್ತಿದ್ದರೂ ಇಳಿಯುವುದನ್ನು ಕೈಬಿಡದೆ ಹೋದದ್ದು ನೇರ ಕಾರಣ ಎಂದು ತನಿಖೆ ಹೇಳಿತು. ಅದರ ಜೊತೆಗೆ, ಕಾಕ್‌ಪಿಟ್ಟಿನ ಧ್ವನಿಮುದ್ರಣದಲ್ಲಿ ಕ್ಯಾಪ್ಟನ್ ಸುಮಾರು 1 ಗಂಟೆ 40 ನಿಮಿಷ ನಿದ್ದೆಯಲ್ಲಿದ್ದುದು ಕೇಳಿಸಿತು. ಆ ನಿದ್ದೆಯಿಂದ ಎದ್ದ ಮಂಪರು, ಬೆಳಗಿನ ಜಾವದ ಆ ಹೊತ್ತು ಅವರ ತೀರ್ಮಾನವನ್ನು ಕೆಡಿಸಿರಬಹುದು ಎಂದೂ ವರದಿ ದಾಖಲಿಸಿತು. ತರಬೇತಿ ಆ ಕ್ಯಾಪ್ಟನ್‌ಗೂ ಇತ್ತು, ಸಾವಿರಾರು ಗಂಟೆಯ ಅನುಭವವೂ ಇತ್ತು.

ಸರ್ಕಾರವೇ ಈ ಮಾತನ್ನು ಒಪ್ಪಿದೆ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ 2024ರ ಜನವರಿಯಲ್ಲಿ ಪೈಲಟ್‌ಗಳ ದುಡಿಮೆಯ ನಿಯಮ ಬದಲಿಸಿ, ರಾತ್ರಿ ಎಂದರೆ 12ರಿಂದ 5 ಎಂದಿದ್ದುದನ್ನು 12ರಿಂದ 6ಕ್ಕೆ ಹಿಗ್ಗಿಸಿತು. ರಾತ್ರಿ ವಿಮಾನ ಇಳಿಸುವ ಮಿತಿಯನ್ನು ಆರು ಸಲದಿಂದ ಎರಡು ಸಲಕ್ಕೆ ತಗ್ಗಿಸಿತು, ವಾರದ ವಿಶ್ರಾಂತಿಯನ್ನು 36 ಗಂಟೆಯಿಂದ 48ಕ್ಕೆ ಏರಿಸಿತು. ಆ ನಿಯಮ 2025ರ ನವೆಂಬರಿನಲ್ಲಿ ಪೂರ್ತಿ ಜಾರಿಗೆ ಬಂದಾಗ ಏನಾಯಿತು? ಡಿಸೆಂಬರ್ ಮೊದಲ ವಾರದಲ್ಲಿ ಇಂಡಿಗೋದ ವಿಮಾನಗಳು ಒಂದೇ ದಿನ ಸಾವಿರಕ್ಕೂ ಹೆಚ್ಚು ರದ್ದಾದವು, ಆ ಸಂಸ್ಥೆಗೆ ರಾತ್ರಿಯ ನಿಯಮದಿಂದ ಕೆಲ ಕಾಲದ ವಿನಾಯಿತಿ ಕೊಡಬೇಕಾಯಿತು. ಪೈಲಟ್‌ಗಳಿಗೆ ಸಾಕಷ್ಟು ನಿದ್ದೆ ಕೊಟ್ಟರೆ ವೇಳಾಪಟ್ಟಿಯೇ ನಿಲ್ಲದು ಎಂಬುದನ್ನು ದೇಶ ಕಣ್ಣಾರೆ ಕಂಡಿತು. ಆದರೂ ಪೈಲಟ್‌ಗೆ ಕಾಗದದ ಮೇಲಾದರೂ ಒಂದು ಕಾವಲು ಇದೆ. ಸೊರಬದಿಂದ ಸಂಜೆ ಹೊರಟು, ರಾತ್ರಿಯೆಲ್ಲ ಓಡಿಸಿ, ದೇವನಹಳ್ಳಿಯ ಪಾರ್ಕಿಂಗಿನಲ್ಲಿ ಕಾದು, ನಾಲ್ಕು ಗಂಟೆಗೆ ಬಂದವರನ್ನು ಹತ್ತಿಸಿಕೊಂಡು ತಿಪಟೂರು, ಅರಸೀಕೆರೆ, ಕಡೂರು ದಾಟಿ ವಾಪಸಾಗುವ ಚಾಲಕನ ಕಣ್ಣೆವೆಗೆ ಯಾವ ನಿಯಮದ ಕಾವಲಿದೆ? 2025ರ ನವೆಂಬರಿನವರೆಗೆ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ ಎಂಟು ಗಂಟೆಯ ಮಿತಿ ಹಾಕಿತ್ತು. ಒಂದೇ ಕಾರಿನ ಮಾಲೀಕನೇ ಚಾಲಕನಾಗಿರುವಲ್ಲಿ ಅದು ತಲುಪುತ್ತಿರಲಿಲ್ಲ. ವಿಮಾನ ಸುರಕ್ಷಿತ ಎಂಬ ಮಾತು ಈ ಕಾರಿಗೆ ಅನ್ವಯಿಸುವುದಿಲ್ಲ. ಅಪಾಯವನ್ನು ಆಕಾಶದಲ್ಲಿ ಅಳೆದು, ಅದು ನಿಜವಾಗಿ ಇರುವ ರಸ್ತೆಯ ಮೇಲೆ ಅಳೆಯದೆ ಬಿಡುವುದನ್ನು ನಾನು ಜಾರಿಕೆ ಎನ್ನುತ್ತೇನೆ.

ನಾವು ರಾತ್ರಿ ಬಸ್ಸಿಗೆ ಒಗ್ಗಿದವರು, ರಾತ್ರಿ ವಿಮಾನ ಏನು ಮಹಾ ಎಂಬ ವಾದವೂ ನಮ್ಮ ಕಡೆ ಜೋರು. ಬೆಂಗಳೂರಿಗೆ ಆಸ್ಪತ್ರೆಗೆಂದು, ಕೋರ್ಟಿಗೆಂದು, ಕೆಲಸಕ್ಕೆಂದು ಶಿಕಾರಿಪುರ, ಸೊರಬ ತಾಲ್ಲೂಕುಗಳ ಜನ ರಾತ್ರಿ ಬಸ್ಸಿನಲ್ಲೇ ಹೋಗುವುದು ನಿಜ. ಸ್ಲೀಪರ್ ಬಸ್ಸಿನಲ್ಲಿ ಕಾಲು ಚಾಚಿ ಮಲಗಬಹುದು, ಮಲಗಿದವರನ್ನು ಊಟಕ್ಕೆ ಯಾರೂ ಎಬ್ಬಿಸುವುದಿಲ್ಲ, ಇಳಿದ ಊರಿನ ಸೂರ್ಯ ನಮ್ಮೂರಿನ ಹೊತ್ತಿಗೇ ಹುಟ್ಟಿರುತ್ತಾನೆ. ವಿಮಾನದಿಂದ ಶಿಕಾಗೋದಲ್ಲಿ ಇಳಿದವರ ದೇಹಕ್ಕೆ ಗಡಿಯಾರವೇ ತಲೆಕೆಳಗು, ಅದು ಸರಿಹೋಗಲು ಒಂದು ಗಂಟೆಯ ವ್ಯತ್ಯಾಸಕ್ಕೆ ಹೆಚ್ಚುಕಡಿಮೆ ಒಂದು ದಿನದಂತೆ ಬೇಕಾಗುತ್ತದೆ. ಆದ್ದರಿಂದ ಹೋಲಿಕೆಯೇ ತಪ್ಪು. ಒಂದು ವೇಳೆ ಸರಿ ಎಂದಿಟ್ಟುಕೊಂಡರೂ ರಾತ್ರಿ ಬಸ್ಸು ಒಳ್ಳೆಯ ಸಾಕ್ಷಿಯಲ್ಲ. 2013ರ ಅಕ್ಟೋಬರ್ 30ರ ಬೆಳಗಿನ ಜಾವ ಬೆಂಗಳೂರಿನಿಂದ ಹೈದರಾಬಾದಿಗೆ ಹೊರಟ ಬಸ್ಸು ಪಾಲೆಂ ಬಳಿ ಹೊತ್ತಿ 45 ಜನ ಸತ್ತರು. ಹದಿನೈದು ದಿನ ಕಳೆಯುವುದರೊಳಗೆ, ನವೆಂಬರ್ 14ರಂದು, ನಮ್ಮ ನೆರೆಯ ಹಾವೇರಿಯಲ್ಲೇ ಮುಂಬಯಿಗೆ ಹೊರಟ ಬಸ್ಸು ಹೊತ್ತಿ ಏಳು ಜನ ಹೋದರು. ಒಗ್ಗಿಹೋಗಿದೆ ಎಂಬ ಕಾರಣಕ್ಕೆ ಒಂದು ಪದ್ಧತಿ ಸರಿ ಎನಿಸಿಕೊಳ್ಳುವುದಿಲ್ಲ.

ರಾತ್ರಿ ಗಾಳಿ ಶಾಂತ, ವಿಮಾನ ಅಲುಗಾಡುವುದಿಲ್ಲ ಎಂಬ ಮಾತನ್ನು ಒಪ್ಪುತ್ತೇನೆ. ನೆಲ ಕಾದು ಏಳುವ ಗಾಳಿಯ ಗುದ್ದಾಟ ರಾತ್ರಿ ಇರುವುದಿಲ್ಲ. ಆದರೆ ನವೆಂಬರಿನಿಂದ ಫೆಬ್ರವರಿಯವರೆಗೆ ದೇವನಹಳ್ಳಿಯ ಮೇಲೆ ಬೆಳಗಿನ ಜಾವ ಮಂಜು ಕವಿಯುತ್ತದೆ. ಇಳಿಯಬೇಕಾದ ವಿಮಾನ ಚೆನ್ನೈಗೋ ಹೈದರಾಬಾದಿಗೋ ಹೋಗಿ ಕೂತ ಉದಾಹರಣೆ ಪ್ರತಿ ಚಳಿಗಾಲದಲ್ಲೂ ಇದೆ. ರಾತ್ರಿಯಿಡೀ ಹಾರಿ ಬಂದವರು ಸಿಕ್ಕಿಕೊಳ್ಳುವುದು ಅದೇ ಮಂಜಿನಲ್ಲಿ.

ಎಲ್ಲ ವಾದ ಸೋತ ಮೇಲೆ ಕೊನೆಗೆ ಹೊರಬರುವುದು ಇದು: ಬೇರೆ ದಾರಿ ಎಲ್ಲಿದೆ, ಯುರೋಪಿನ ವಿಮಾನ ಹೊರಡುವುದೇ ಆ ಹೊತ್ತಿಗೆ. ಇಷ್ಟು ಹೊತ್ತು ರಾತ್ರಿಯೇ ಲೇಸು ಎಂದು ಹೊಗಳಿದವರು ಈಗ ರಾತ್ರಿಯೇ ಗತಿ ಎನ್ನುತ್ತಿದ್ದಾರೆ. ಗತಿಯಿಲ್ಲದ್ದನ್ನು ಆಯ್ಕೆ ಎಂದು ಕರೆಯುವಂತಿಲ್ಲ. ಆ ವಿಮಾನಗಳು ಆ ಹೊತ್ತಿಗೆ ಹೊರಡುವುದು ಸೊರಬದವರ ಹಗಲು ಉಳಿಸಲೆಂದೂ ಅಲ್ಲ. ಫ್ರಾಂಕ್‌ಫರ್ಟಿನಲ್ಲಿ 2011ರಿಂದ ರಾತ್ರಿ 11ರಿಂದ ಬೆಳಗ್ಗೆ 5ರವರೆಗೆ ವಿಮಾನ ಏಳುವಂತಿಲ್ಲ, ಇಳಿಯುವಂತಿಲ್ಲ. ಅಲ್ಲಿನ ಸುತ್ತಮುತ್ತಲ ಜನರ ನಿದ್ದೆ ಕೆಡಬಾರದೆಂದು ಹೋರಾಡಿ ಪಡೆದ ನಿಯಮ ಅದು. ಆದ್ದರಿಂದ ಇಲ್ಲಿಂದ ಹೊರಟದ್ದು ಅಲ್ಲಿ ಬೆಳಗಾದ ಮೇಲೆ ಇಳಿಯಬೇಕು, ಇಳಿದು ಅಮೆರಿಕದ ಹಗಲಿನ ವಿಮಾನಗಳಿಗೆ ಜನರನ್ನು ದಾಟಿಸಬೇಕು. ಜರ್ಮನಿಯವರ ನಿದ್ದೆಗೆ ಕಾನೂನು ನಿಂತಿದೆ, ನಮ್ಮ ನಿದ್ದೆ ಆ ಕಾನೂನಿಗೆ ತೆತ್ತ ಬೆಲೆ. ಅದು ಅನಿವಾರ್ಯ ಎಂದರೆ ಒಪ್ಪಿಕೊಳ್ಳಬಹುದು. ಅದನ್ನೇ ಅನುಕೂಲ ಎಂದು ನಮಗೆ ಹೇಳಬೇಡಿ.

ಬೇರೆ ದಾರಿ ಇಲ್ಲವೇ ಇಲ್ಲ ಎಂಬುದೂ ಪೂರ್ತಿ ನಿಜವಲ್ಲ. ದುಬೈ ಕಡೆಗೆ ಬೆಂಗಳೂರಿನಿಂದ ಹಗಲಿನಲ್ಲಿ ಹೊರಡುವ ವಿಮಾನಗಳಿವೆ. ದಿಲ್ಲಿ, ಮುಂಬಯಿ, ಕೋಲ್ಕತ್ತಕ್ಕೆ ಇಡೀ ಹಗಲು ಇವೆ. ಅಲ್ಲಿಗೂ ನಡುರಾತ್ರಿಯ ಟಿಕೆಟ್ ತೆಗೆಯುವುದು ಬರೀ ಅಭ್ಯಾಸಬಲ. ಯುರೋಪು, ಅಮೆರಿಕಕ್ಕೆ ರಾತ್ರಿಯೇ ಹೊರಡಬೇಕಾದರೆ ಹಿಂದಿನ ದಿನದ ಹಗಲು ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿ, ಒಂದು ರಾತ್ರಿ ಅಲ್ಲಿ ಮಲಗಿ, ಮರುದಿನ ಮಧ್ಯಾಹ್ನವೂ ಮಲಗಿ, ಆಮೇಲೆ ನಿಲ್ದಾಣಕ್ಕೆ ಹೋಗಬೇಕು. ವಾಪಸು ಬಂದಾಗ ಇಳಿದ ದಿನವೇ ರಸ್ತೆಗೆ ಬೀಳಬಾರದು. ಇದಕ್ಕೆ ಒಂದು ದಿನ ಹೆಚ್ಚು ಬೇಕು, ಸ್ವಲ್ಪ ದುಡ್ಡೂ ಬೇಕು. ರಾತ್ರಿ ವಿಮಾನದವರು ಉಳಿಸಿದೆವು ಎಂದದ್ದು ಈ ದಿನವನ್ನೇ, ಅದನ್ನು ಕಿತ್ತದ್ದು ಮುದುಕರ ಮೈಯಿಂದ.

ಜನಪ್ರತಿನಿಧಿಗಳಿಗೂ ಒಂದು ಮಾತು. ಸೋಗಾನೆಯಲ್ಲಿ ಕತ್ತಲಾದ ಮೇಲೂ ವಿಮಾನ ಇಳಿಯುವಂತಿರಬೇಕು, ಸಂಜೆಯ ಕೊನೆಯ ವಿಮಾನ ಅಲ್ಲಿಗೆ ಬರಬೇಕು. ಇದು ರಾತ್ರಿ ಪ್ರಯಾಣದ ಪರವಾದ ಬೇಡಿಕೆಯಲ್ಲ. ಸಂಜೆ ದೇವನಹಳ್ಳಿಯಲ್ಲಿ ಇಳಿದವರು ರಾತ್ರಿ ರಸ್ತೆಗೆ ಇಳಿಯದೆ ಹತ್ತು ಗಂಟೆಗೆ ಮನೆಯಲ್ಲಿ ಮಲಗುವಂತಾಗಲಿ ಎಂಬ ಬೇಡಿಕೆ. ಮೈಸೂರಿಗೆ ದೇವನಹಳ್ಳಿಯ ವಿಮಾನ ನಿಲ್ದಾಣದಿಂದಲೇ ಕೆಎಸ್‌ಆರ್‌ಟಿಸಿಯ ಫ್ಲೈಬಸ್ ಇದೆ. ಅಂಥದೊಂದು ಬೆಳಗಿನ ಬಸ್ಸು ಶಿಕಾರಿಪುರದ ಮೇಲೆ ಸೊರಬದವರೆಗೆ ಬರಲಿ.

ಪರದೇಶದಲ್ಲಿರುವ ಮಕ್ಕಳಲ್ಲಿ ಕೇಳುವುದು ಇಷ್ಟೇ: ಅಪ್ಪ ಅಮ್ಮನ ಟಿಕೆಟ್ಟಿಗೆ ದುಡ್ಡು ಕಟ್ಟುವ ಮೊದಲು ವಿಮಾನ ಹೊರಡುವ ಹೊತ್ತನ್ನು ಪಕ್ಕಕ್ಕಿಟ್ಟು, ಅವರು ಊರಿನಲ್ಲಿ ಮನೆಯ ಬಾಗಿಲು ಹಾಕುವ ಹೊತ್ತನ್ನು ಬರೆದುಕೊಳ್ಳಿ. ಅಲ್ಲಿಂದ ನಿಮ್ಮ ಮನೆಯ ಹಾಸಿಗೆಯವರೆಗೆ ಗಂಟೆ ಎಣಿಸಿ, ಆಮೇಲೆ ಟಿಕೆಟ್ ಮಾಡಿ.